ಸ್ಕೂಲಿನಲ್ಲಿ ಮಗುವಿಗೆ ಕಾಟವೇ? ಯಾವ ಹೆಜ್ಜೆ ಮೊದಲು, ಯಾವುದು ಆಮೇಲೆ

ಒಂದು ದಿನ ಮಗು ಮೂತಿ ಸಣ್ಣದು ಮಾಡಿಕೊಂಡು ಬಂದು "ಕ್ಲಾಸಲ್ಲಿ ಎಲ್ಲರೂ ನನ್ನನ್ನ ಗೋಳು ಹೊಯ್ಕೋತಾರೆ" ಎನ್ನುತ್ತದೆ. ಆಗ ಮನೆಯಲ್ಲಿ ಸಿಗುವ ಉತ್ತರ ಮೂರೇ. ಅಪ್ಪ "ನೀನೂ ತಿರುಗಿಸಿ ಎರಡು ಕೊಡು" ಅಂತಾರೆ. ಅಜ್ಜಿ "ಕಿವಿಗೆ ಹಾಕ್ಕೋಬೇಡ ಕಂದ, ಸುಮ್ನಿರು" ಅಂತಾರೆ. ಅಮ್ಮ "ನಾಳೆ ನಾನೇ ಬಂದು ವಿಚಾರಿಸ್ತೀನಿ" ಅಂತಾಳೆ. ಮೂರೂ ಪ್ರೀತಿಯಿಂದ ಬಂದ ಮಾತೇ. ಆದರೆ ಮೂರರಿಂದಲೂ ಕಾಟ ನಿಲ್ಲುವುದು ಅಪರೂಪ.

ಹದಿನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಈ ವಿಷಯ ಹಿಡಿದು ಬಂದ ತಂದೆತಾಯಿಯರಲ್ಲಿ ಹೆಚ್ಚಿನವರು ಎಡವಿದ್ದು ಒಂದೇ ಕಡೆ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲೇ ಮಾಡಿಬಿಡುತ್ತಾರೆ. ಮಗುವಿನ ಮಾತು ಪೂರ್ತಿ ಕೇಳಿರುವುದಿಲ್ಲ, ಆಗಲೇ ಹೆಡ್‌ಮಾಸ್ಟರ ಕೋಣೆಯಲ್ಲಿ ಮೇಜು ಕುಟ್ಟುತ್ತಿರುತ್ತಾರೆ. ಅದಕ್ಕೇ ಇಲ್ಲಿ ಹಂತಗಳನ್ನು ಕ್ರಮವಾಗಿ ಬರೆದಿದ್ದೇನೆ. ದಯವಿಟ್ಟು ಕ್ರಮ ಬದಲಿಸಬೇಡಿ. ಒಂದೇ ಒಂದು ವಿನಾಯಿತಿ ಇದೆ: ಹಂತ 9ರಲ್ಲಿ ಹೇಳಿರುವ ಅಪಾಯ ಯಾವುದಾದರೂ ಕಂಡರೆ ಉಳಿದಿದ್ದೆಲ್ಲ ಬಿಟ್ಟು ನೇರ ಅಲ್ಲಿಗೇ ಹೋಗಿ.

ಇನ್ನೊಂದು ಮಾತು. "ಮಗು ಗಟ್ಟಿಯಾಗಬೇಕು" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಬೈದರೂ ತಡೆದುಕೊಳ್ಳುವ ದಪ್ಪ ಚರ್ಮ ಬೆಳೆಯಲಿ ಅಂತ ಹಾರೈಸಿದರೆ ದಾರಿ ತಪ್ಪಿದ ಹಾಗೆ. ಕಾಟ ಶುರುವಾದಾಗ ಬಾಯಲ್ಲಿ ಏನು ಹೇಳಬೇಕು, ಕಾಲು ಯಾವ ಕಡೆ ಹೋಗಬೇಕು, ಯಾರನ್ನು ಕರೆಯಬೇಕು ಅಂತ ಗೊತ್ತಿರುವ ಮಗುವನ್ನು ನಾನು ಗಟ್ಟಿ ಮಗು ಅಂತೀನಿ. ಅದನ್ನು ಕಲಿಸಬಹುದು.

## ಮೊದಲು ಇವು ಕೈಲಿರಲಿ

ಒಂದು ಹಳೆಯ ನೋಟ್‌ಬುಕ್, ಒಂದು ದೊಡ್ಡ ಬಿಳಿ ಹಾಳೆ, ಎರಡು ಬಣ್ಣದ ಪೆನ್ಸಿಲ್ (ಕೆಂಪು, ಹಸಿರು). ದಿನಕ್ಕೆ ಹದಿನೈದು ನಿಮಿಷ, ಫೋನ್ ಪಕ್ಕಕ್ಕಿಟ್ಟು. ಜೊತೆಗೆ ಕಡಿಮೆಯೆಂದರೆ ಆರು ವಾರದ ತಾಳ್ಮೆ. ಮನೆಯಲ್ಲಿ ಈ ಕೆಲಸ ಯಾರು ಮಾಡುತ್ತೀರಿ ಅಂತ ಮೊದಲೇ ತೀರ್ಮಾನಿಸಿ. ಅಪ್ಪ ಒಂದು, ಅಮ್ಮ ಒಂದು, ಮಾವ ಇನ್ನೊಂದು ಹೇಳಿದರೆ ಮಗು ಯಾವುದನ್ನೂ ಮಾಡುವುದಿಲ್ಲ.

## ಹಂತ 1: ಇದು ತಮಾಷೆಯೋ, ಜಗಳವೋ, ಕಾಟವೋ?

ಮಕ್ಕಳು ಕಿತ್ತಾಡುತ್ತಾರೆ, ಟೂ ಬಿಡುತ್ತಾರೆ, ಮಾರನೇ ದಿನ ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಾರೆ. ಅದಕ್ಕೆ ನಾವು ತಲೆ ಹಾಕಬಾರದು. ಕಾಟ ಬೇರೆ. ಗುರುತಿಸಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಬೇಕಂತಲೇ ಮಾಡುತ್ತಿದ್ದಾರಾ? ಮತ್ತೆ ಮತ್ತೆ ಆಗುತ್ತಿದೆಯಾ? ಎರಡೂ ಕಡೆ ಬಲ ಸಮ ಇದೆಯಾ? ಮೂರನೆಯದೇ ಮುಖ್ಯ. ಬಲ ಅಂದರೆ ಮೈಬಲ ಮಾತ್ರ ಅಲ್ಲ. ಆ ಕಡೆ ಐದು ಜನ, ಈ ಕಡೆ ಒಬ್ಬಳು. ಅವನು ಏಳನೇ ಕ್ಲಾಸು, ಇವನು ನಾಲ್ಕನೇ ಕ್ಲಾಸು. ಅವರೆಲ್ಲ ಒಂದನೇ ಕ್ಲಾಸಿನಿಂದ ಜೊತೆಗಿದ್ದಾರೆ, ಇವಳು ಈ ವರ್ಷ ಕಲಬುರಗಿಯಿಂದ ಬೆಂಗಳೂರಿಗೆ ಬಂದವಳು, ಮಾತಿನ ಧಾಟಿಯೇ ನಗೆಪಾಟಲು. ಇವೆಲ್ಲ ಬಲದ ವ್ಯತ್ಯಾಸವೇ.

ತಮಾಷೆಯಾದರೆ ಇಬ್ಬರೂ ನಗುತ್ತಿರಬೇಕು, ಮತ್ತು "ಸಾಕು" ಅಂದ ಕೂಡಲೇ ನಿಲ್ಲಬೇಕು. "ಸಾಕು" ಅಂದಮೇಲೂ ನಡೆದರೆ ಅದರ ಹೆಸರು ತಮಾಷೆ ಅಲ್ಲ. "ಅಯ್ಯೋ, ಸೋಡಾಬುಡ್ಡಿ ಅಂತ ಸುಮ್ನೆ ತಮಾಷೆಗೆ ಕರೀತಾರೆ" ಅಂತ ದೊಡ್ಡವರೇ ಹೇಳುವುದನ್ನು ಕೇಳಿದ್ದೇನೆ. ತಮಾಷೆ ಹೌದೋ ಅಲ್ಲವೋ ಅಂತ ಹೇಳಬೇಕಾದವರು ಕನ್ನಡಕ ಹಾಕಿಕೊಂಡ ಮಗು, ನಾವಲ್ಲ.

ಇಲ್ಲಿ ಆಗುವ ತಪ್ಪು: ಹೊಡೆತ ಇದ್ದರೆ ಮಾತ್ರ ಕಾಟ ಅಂದುಕೊಳ್ಳುವುದು. ಹುಡುಗಿಯರಲ್ಲಿ, ಮೇಲಿನ ತರಗತಿಗಳಲ್ಲಿ ಜಾಸ್ತಿ ಕಾಣುವುದು ಬೇರೆ ಥರ: ಆಟಕ್ಕೆ ಸೇರಿಸದೆ ಇರುವುದು, ಬಂದ ಕೂಡಲೇ ಮಾತು ನಿಲ್ಲಿಸುವುದು, ಬರ್ತ್‌ಡೇಗೆ ಒಬ್ಬಳನ್ನು ಬಿಟ್ಟು ಎಲ್ಲರನ್ನೂ ಕರೆಯುವುದು. ಮೈಮೇಲೆ ಗುರುತು ಇರುವುದಿಲ್ಲ. ನೋವು ಅಷ್ಟೇ ಇರುತ್ತದೆ.

## ಹಂತ 2: ಮಗು ಹೇಳದಿದ್ದರೂ ಕಾಣುವ ಸೂಚನೆಗಳು

ಬಾಯಿ ಬಿಟ್ಟು ಹೇಳುವ ಮಕ್ಕಳು ಕಡಿಮೆ. ಹೇಳಿದರೆ ಅಪ್ಪ ಬಂದು ರಂಪ ಮಾಡುತ್ತಾರೆ ಅನ್ನುವ ಭಯ ಕಾಟದ ಭಯಕ್ಕಿಂತ ದೊಡ್ಡದಿರುತ್ತದೆ. ಹಾಗಾಗಿ ಗಮನಿಸಿ:

- ಭಾನುವಾರ ಸಂಜೆಯಾದರೆ ಹೊಟ್ಟೆನೋವು. ಶನಿವಾರ ಮಧ್ಯಾಹ್ನ ಮಾಯ.
- ಸ್ಕೂಲಿಂದ ಬಂದವನೇ ಬ್ಯಾಗ್ ಎಸೆದು ಬಚ್ಚಲಿಗೆ ಓಡುವುದು. ದಿನವಿಡೀ ಮೂತ್ರ ತಡೆದುಕೊಂಡಿದ್ದಾನೆ ಅಂದರೆ ಶಾಲೆಯ ಶೌಚಾಲಯದಲ್ಲಿ ಏನೋ ಇದೆ. ಅಲ್ಲಿ ಗಲೀಜೂ ಇರಬಹುದು, ಕಾಟವೂ ಇರಬಹುದು. ಕೇಳಿ ನೋಡಿ.
- ಡಬ್ಬಿ ಹಾಗೇ ವಾಪಸ್ಸು, ಅಥವಾ ಬೇರೆ ಯಾರೋ ತಿಂದು ಖಾಲಿಯಾಗಿ ಮಗು ಹಸಿದು ಬರುವುದು.
- ಪೆನ್ಸಿಲ್, ಕಂಪಾಸ್ ಬಾಕ್ಸ್ ಪದೇಪದೇ "ಕಳೆದುಹೋಗುವುದು". ಮನೆಯಲ್ಲಿ ಚಿಲ್ಲರೆ ಕಾಣೆಯಾಗುವುದು.
- ವ್ಯಾನ್ ಬೇಡ, ಅಪ್ಪನ ಗಾಡಿಯಲ್ಲೇ ಬರುತ್ತೇನೆ ಅನ್ನುವ ಹಟ.
- ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು.
- ತಮ್ಮನಿಗೋ ತಂಗಿಗೋ ಇದ್ದಕ್ಕಿದ್ದಂತೆ ಹೊಡೆಯುವುದು.

ಇವುಗಳಲ್ಲಿ ಒಂದು ಕಂಡರೆ ಗಾಬರಿ ಬೇಡ. ಲೆಕ್ಕದ ಟೆಸ್ಟ್ ಇದ್ದರೂ ಹೊಟ್ಟೆ ನೋಯುತ್ತದೆ. ಎರಡು ಮೂರು ಒಟ್ಟಿಗೆ, ಎರಡು ವಾರಕ್ಕಿಂತ ಜಾಸ್ತಿ ಕಂಡರೆ ಮುಂದಿನ ಹಂತಕ್ಕೆ ಹೋಗಿ. ಹೊಟ್ಟೆನೋವು ಮುಂದುವರಿದರೆ ಡಾಕ್ಟರಿಗೂ ತೋರಿಸಿ. ಎಲ್ಲದಕ್ಕೂ ಮನಸ್ಸೇ ಕಾರಣ ಅಂತ ನಾವೇ ತೀರ್ಪು ಕೊಡಬಾರದು.

## ಹಂತ 3: ಬಾಯಿ ಬಿಡಿಸಿ, ಆದರೆ ಎದುರು ಕೂರಿಸಿಕೊಂಡು ಅಲ್ಲ

"ಬಾ ಇಲ್ಲಿ, ಕೂತ್ಕೋ, ಏನಾಯ್ತು ಹೇಳು" ಅಂದರೆ ಮಗುವಿಗೆ ಅದು ಪೊಲೀಸ್ ಸ್ಟೇಷನ್. ಕಣ್ಣಿಗೆ ಕಣ್ಣು ಸೇರದ ಹೊತ್ತು ಹುಡುಕಿ. ತಲೆಗೆ ಎಣ್ಣೆ ಹಚ್ಚುವಾಗ, ಜಡೆ ಹಾಕುವಾಗ, ಅವರೆಕಾಯಿ ಸುಲಿಯುವಾಗ, ಸ್ಕೂಟರಿನಲ್ಲಿ ಹಿಂದೆ ಕೂತಿರುವಾಗ, ಲೈಟ್ ಆರಿಸಿ ಮಲಗಿದಾಗ. ಮಾತು ತಾನಾಗೇ ಬರುವುದು ಇಂಥ ಹೊತ್ತಿನಲ್ಲೇ.

ನೇರವಾಗಿ "ನಿನಗೆ ಯಾರಾದ್ರೂ ಕಾಟ ಕೊಡ್ತಾರಾ?" ಅಂತ ಕೇಳಿದರೆ ಉತ್ತರ "ಇಲ್ಲ". ಸುತ್ತಿ ಬಳಸಿ ಕೇಳಿ. "ಇವತ್ತು ಊಟಕ್ಕೆ ಯಾರ ಪಕ್ಕ ಕೂತಿದ್ದೆ?" "ವ್ಯಾನಲ್ಲಿ ಯಾವ ಸೀಟು ಒಳ್ಳೇದು, ಯಾವುದು ಬೇಡ?" "ನಿಮ್ಮ ಕ್ಲಾಸಲ್ಲಿ ಯಾರನ್ನ ಎಲ್ಲರೂ ಜಾಸ್ತಿ ರೇಗಿಸ್ತಾರೆ?" ಕೊನೆಯ ಪ್ರಶ್ನೆಗೆ ಮಗು ಬೇರೆಯವರ ಹೆಸರು ಹೇಳಿ ತನ್ನ ಕಥೆಯನ್ನೇ ಹೇಳುವುದುಂಟು.

ಹೇಳಲು ಶುರು ಮಾಡಿದ ಮೇಲೆ ನಿಮ್ಮ ಕೆಲಸ ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಮುಖ ಕೆಂಪಾದರೆ ಮಗು ಅಲ್ಲಿಗೇ ನಿಲ್ಲಿಸುತ್ತದೆ. ಪೂರ್ತಿ ಮುಗಿದಮೇಲೆ ಮೂರು ಮಾತು ಹೇಳಿ: "ಹೇಳಿದ್ದು ಒಳ್ಳೇದಾಯ್ತು ಪುಟ್ಟ." "ಇದರಲ್ಲಿ ನಿನ್ನ ತಪ್ಪಿಲ್ಲ." "ಏನು ಮಾಡೋಣ ಅಂತ ಇಬ್ಬರೂ ಸೇರಿ ಯೋಚಿಸೋಣ." ಅಷ್ಟು ಸಾಕು. ಆ ದಿನ ಪರಿಹಾರ ಹೇಳಬೇಡಿ.

ಬಾಯಿಗೆ ಬರಬಾರದ ಮಾತುಗಳೂ ಇವೆ. "ನೀನು ಮೊದಲು ಏನು ಮಾಡಿದೆ?" "ನೀನು ಹೀಗೆ ಅಳುಮುಂಜಿ, ಅದಕ್ಕೇ." "ಹುಡುಗ ಆಗಿ ಅಳ್ತೀಯಾ?" "ಅಷ್ಟೇನಾ?" ಮಗು ಒಂದು ಸಲ ಇದನ್ನು ಕೇಳಿಸಿಕೊಂಡರೆ ಮುಂದಿನ ಸಲ ದೊಡ್ಡದೇ ಆದರೂ ನಿಮ್ಮ ಹತ್ತಿರ ಬರುವುದಿಲ್ಲ.

"ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡು" ಅಂತ ಮಗು ಕೇಳೇ ಕೇಳುತ್ತದೆ. ಮಾಡಬೇಡಿ. "ನಿನಗೆ ತಿಳಿಸದೆ ಏನೂ ಮಾಡಲ್ಲ" ಅಂತ ಹೇಳಿ. ಅದನ್ನು ಉಳಿಸಿಕೊಳ್ಳಬಹುದು.

## ಹಂತ 4: ಬರೆದಿಡಿ, ನಕ್ಷೆ ಹಾಕಿಸಿ

ಹೆಚ್ಚಿನವರು ಹಾರಿ ದಾಟುವ ಹಂತ ಇದು. ಆಮೇಲೆ ಶಾಲೆಯಲ್ಲಿ "ಯಾವತ್ತು? ಯಾರು? ಎಷ್ಟು ಸಲ?" ಅಂತ ಕೇಳಿದಾಗ "ಯಾವಾಗ್ಲೂ, ಎಲ್ಲರೂ" ಅನ್ನಬೇಕಾಗುತ್ತದೆ. ಅದನ್ನು ಯಾವ ಮೇಷ್ಟ್ರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ನಾನೂ ತೆಗೆದುಕೊಳ್ಳುತ್ತಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದೊಂದು ಘಟನೆಗೂ ಇಷ್ಟು ಬರೆಯಿರಿ: ತಾರೀಕು, ಹೊತ್ತು, ಜಾಗ, ಯಾರು ಏನು ಮಾಡಿದರು, ಪಕ್ಕದಲ್ಲಿ ಯಾರಿದ್ದರು, ಮಗು ಏನು ಮಾಡಿತು. ಮಗುವಿನ ಮಾತನ್ನೇ ಬರೆಯಿರಿ, ನಿಮ್ಮ ಬೈಗುಳ ಸೇರಿಸಬೇಡಿ. ಏಟಿನ ಗುರುತು ಇದ್ದರೆ ಫೋಟೊ ತೆಗೆಯಿರಿ. ದಿನಾ ಸಂಜೆ ಇದೇ ವಿಚಾರಣೆ ನಡೆಸಬೇಡಿ. ಮನೆಯಲ್ಲೂ ಅದೇ ಮಾತಾದರೆ ಮಗುವಿಗೆ ಉಸಿರಾಡಲು ಜಾಗ ಎಲ್ಲಿ?

ಆಮೇಲೆ ಬಿಳಿ ಹಾಳೆ ಕೊಟ್ಟು ಶಾಲೆಯ ನಕ್ಷೆ ಬರೆಸಿ. ಗೇಟು, ಮೆಟ್ಟಿಲು, ಶೌಚಾಲಯ, ನೀರಿನ ನಲ್ಲಿ, ಬಿಸಿಯೂಟದ ಸಾಲು, ಮೈದಾನ, ವ್ಯಾನ್. ಭಯ ಆಗುವ ಜಾಗಕ್ಕೆ ಕೆಂಪು, ಆರಾಮಾಗಿರುವ ಜಾಗಕ್ಕೆ ಹಸಿರು ಬಣ್ಣ ಹಾಕಲಿ. ಮಕ್ಕಳು ಇದನ್ನು ಖುಷಿಯಿಂದಲೇ ಮಾಡುತ್ತಾರೆ. ನಮಗೆ ಸಿಗುವುದು ಮಾತಿನಲ್ಲಿ ಸಿಗದ ವಿವರ. ಸಾಮಾನ್ಯವಾಗಿ ಕೆಂಪು ಬೀಳುವುದು ದೊಡ್ಡವರ ಕಣ್ಣು ತಲುಪದ ಕಡೆ: ವ್ಯಾನಿನ ಕೊನೆಯ ಸೀಟು, ಶೌಚಾಲಯದ ಹಿಂಬದಿ, ಒಂದು ಪೀರಿಯಡ್ ಮುಗಿದು ಇನ್ನೊಬ್ಬ ಟೀಚರ್ ಬರುವವರೆಗಿನ ಐದು ನಿಮಿಷ.

ನಕ್ಷೆ ನೋಡಿಕೊಂಡು ಸಣ್ಣ ಬದಲಾವಣೆ ಮಾಡಿ. ವ್ಯಾನಿನಲ್ಲಿ ಡ್ರೈವರ್ ಹಿಂದಿನ ಸೀಟು ಕೇಳಿ. ಶೌಚಾಲಯಕ್ಕೆ ಜೊತೆಗಾರರೊಂದಿಗೆ ಹೋಗಲಿ. ಇದು ಹೆದರಿ ಓಡುವುದಲ್ಲ. ರಾತ್ರಿ ಬೀದಿದೀಪ ಇಲ್ಲದ ರಸ್ತೆಯನ್ನು ನಾವೂ ಬಿಟ್ಟು ಹೋಗುತ್ತೇವೆ, ಅಲ್ವಾ? ಆದರೆ ಮಗು ಆಟದ ಮೈದಾನವನ್ನೇ ಬಿಟ್ಟು ಕ್ಲಾಸಿನಲ್ಲೇ ಕೂರುವ ಮಟ್ಟಕ್ಕೆ ಇದು ಹೋಗಬಾರದು.

## ಹಂತ 5: ಒಂದು ವಾಕ್ಯ, ಒಂದು ನಡಿಗೆ

ಈಗ ಅಭ್ಯಾಸ. "ಧೈರ್ಯವಾಗಿರು" ಅಂತ ಸಾವಿರ ಸಲ ಹೇಳುವುದಕ್ಕಿಂತ ಹತ್ತು ದಿನ, ದಿನಕ್ಕೆ ಮೂರು ನಿಮಿಷ ನಾಟಕ ಆಡಿಸುವುದು ಮೇಲು.

ಮೊದಲು ಪಾತ್ರ. ಶುರುವಿನಲ್ಲಿ ಮಗು ಕಾಟ ಕೊಡುವವನಾಗಲಿ, ನೀವು ಮಗುವಾಗಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಮಗು ಕಾಟ ಕೊಡುವವನ ಪಾತ್ರ ಮಾಡಿದಾಗ ಅವನು ನಿಜವಾಗಿ ಏನು ಹೇಳುತ್ತಾನೆ, ಹೇಗೆ ನಿಲ್ಲುತ್ತಾನೆ ಅಂತ ನಿಮಗೆ ಗೊತ್ತಾಗುತ್ತದೆ. ಮಗುವಿಗೂ ಸ್ವಲ್ಪ ನಗು ಬರುತ್ತದೆ. ಮೂರನೇ ದಿನ ಪಾತ್ರ ಅದಲು ಬದಲು ಮಾಡಿ.

ಆಮೇಲೆ ವಾಕ್ಯ. ಒಂದೇ ವಾಕ್ಯ, ಗಿಡ್ಡದು, ಮಗುವೇ ಆರಿಸಿದ್ದು. "ಸಾಕು, ನನಗೆ ಇಷ್ಟ ಇಲ್ಲ." "ಹಾಗೆ ಕರೀಬೇಡ." "ಹೌದಾ, ಸರಿ." ಚುರುಕಾದ ತಿರುಗೇಟು ಹೇಳಿಕೊಡಬೇಡಿ. ಸಿನಿಮಾದಲ್ಲಿ ಅದು ಚೆಂದ. ಕೊನೆ ಬೆಂಚಿನ ನಾಲ್ಕು ಹುಡುಗರ ಮುಂದೆ ಹೇಳಿದರೆ ಆಟ ಇನ್ನೊಂದು ಸುತ್ತು ಜಾಸ್ತಿಯಾಗುತ್ತದೆ. "ಪ್ಲೀಸ್, ಬಿಟ್ಬಿಡ್ರೋ" ಅನ್ನುವುದೂ ಬೇಡ.

ಆಮೇಲೆ ಮೈ. ಎರಡೂ ಕಾಲು ನೆಲದ ಮೇಲೆ ಗಟ್ಟಿ. ಕೈ ಬ್ಯಾಗಿನ ಪಟ್ಟಿ ಮೇಲೆ. ಕಣ್ಣಲ್ಲಿ ಕಣ್ಣಿಡಲು ಕಷ್ಟವಾದರೆ ಎದುರಿನವನ ಹುಬ್ಬಿನ ನಡುವೆ ನೋಡಲಿ. ಕಿರುಚಬಾರದು, ಗೊಣಗಲೂಬಾರದು. ಕ್ಲಾಸಲ್ಲಿ ಹಾಜರಿ ಹೇಳುವಷ್ಟು ದನಿ.

ಕೊನೆಗೆ ನಡಿಗೆ. ವಾಕ್ಯ ಹೇಳಿದ ಕೂಡಲೇ ಅಲ್ಲಿಂದ ಹೊರಡಬೇಕು. ಓಡಬಾರದು, ಹಸಿರು ಬಣ್ಣ ಹಾಕಿದ ಜಾಗಕ್ಕೆ ನಡೆಯಬೇಕು. ಯಾವ ಜಾಗ, ಅಲ್ಲಿ ಯಾವ ಮಿಸ್ ಇರುತ್ತಾರೆ ಅಂತ ಮೊದಲೇ ಗೊತ್ತಿರಬೇಕು. ಹೆಚ್ಚಿನ ಅಭ್ಯಾಸ ಸೋಲುವುದು ಇಲ್ಲಿಯೇ. ಮಗು ವಾಕ್ಯ ಹೇಳಿ ಅಲ್ಲೇ ನಿಂತು ಎದುರಿನವನ ಉತ್ತರಕ್ಕೆ ಕಾಯುತ್ತದೆ.

ಎರಡು ಎಚ್ಚರಿಕೆ. ಮೊದಲ ಕೆಲವು ದಿನ ಕಾಟ ಸ್ವಲ್ಪ ಜಾಸ್ತಿಯೇ ಆಗಬಹುದು. ಅಳುತ್ತಿದ್ದವಳು ಅಳುತ್ತಿಲ್ಲ ಅಂದರೆ ಅವರು ಇನ್ನಷ್ಟು ಕೆಣಕಿ ನೋಡುತ್ತಾರೆ. ಮಗುವಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ "ನೀನು ಹೇಳಿದ್ದು ಕೆಲಸ ಮಾಡಲ್ಲ" ಅಂತ ಎರಡನೇ ದಿನವೇ ಕೈಬಿಡುತ್ತದೆ. ಎರಡನೆಯದು, ಹೊಡೆತ, ತಳ್ಳಾಟ, ಕೋಣೆಯಲ್ಲಿ ಕೂಡಿಹಾಕುವುದು ಇದ್ದರೆ ವಾಕ್ಯಗೀಕ್ಯ ಏನೂ ಬೇಡ. ತಲೆ, ಮುಖಕ್ಕೆ ಕೈ ಅಡ್ಡ ಇಟ್ಟು, ಜೋರಾಗಿ ಕೂಗಿ, ಜನ ಇರುವ ಕಡೆ ಓಡಬೇಕು.

ಹಾಗಾದರೆ "ತಿರುಗಿಸಿ ಕೊಡು"? ನಾನು ಒಪ್ಪುವುದಿಲ್ಲ. ನೀತಿಗೋಸ್ಕರ ಅಲ್ಲ. ಟೀಚರ್ ತಿರುಗಿ ನೋಡುವ ಹೊತ್ತಿಗೆ ಮೊದಲ ಏಟು ಆಗಿರುತ್ತದೆ, ಕಣ್ಣಿಗೆ ಬೀಳುವುದು ಎರಡನೆಯದು. ಸಿಕ್ಕಿಬೀಳುವುದು ನಿಮ್ಮ ಮಗು. ಬಲ ಸಮ ಇಲ್ಲ ಅಂತ ಹಂತ 1ರಲ್ಲೇ ನೋಡಿದೆವು. ಸಮ ಇಲ್ಲದ ಕಡೆ ಹೊಡೆದಾಟಕ್ಕೆ ಕಳಿಸಿದರೆ ಗೆಲ್ಲುವವರು ಯಾರು ಅಂತ ಹೇಳಬೇಕಾಗಿಲ್ಲ.

## ನಡುವೆ ಒಂದು ಮಾತು: ಅಡ್ಡಹೆಸರು ಹುಟ್ಟಿದ್ದು ಎಲ್ಲಿ?

ಇದಕ್ಕೆ ಹಂತದ ಸಂಖ್ಯೆ ಕೊಡುವುದಿಲ್ಲ, ಇವತ್ತೇ ಮಾಡಬೇಕಾದ್ದು. "ಡುಮ್ಮ", "ಕರಿಯ", "ಕಡ್ಡಿ", "ಮಂಕು" ಅನ್ನುವ ಹೆಸರುಗಳನ್ನು ಎಷ್ಟೋ ಮಕ್ಕಳು ಮೊದಲು ಕೇಳುವುದು ಮನೆಯಲ್ಲೇ. ಮದುವೆಮನೆಯಲ್ಲಿ ಚಿಕ್ಕಮ್ಮ ಕೆನ್ನೆ ಹಿಂಡಿ "ಏನೇ ಇಷ್ಟು ಕಪ್ಪಾಗಿಬಿಟ್ಟಿದೀಯಾ" ಅಂತಾರೆ, ನಾವು ನಗುತ್ತೇವೆ. ಮಗು ಅದರಿಂದ ಎರಡು ವಿಷಯ ಕಲಿಯುತ್ತದೆ: ಹೀಗೆ ಅನ್ನಬಹುದು, ಅಂದಾಗ ನಾನು ಸುಮ್ಮನಿರಬೇಕು. ಸ್ಕೂಲಿನಲ್ಲೂ ಸುಮ್ಮನಿರುತ್ತದೆ.

ಹಾಗಾಗಿ ಚಿಕ್ಕಮ್ಮನ ಎದುರೇ, ಮಗುವಿಗೆ ಕೇಳಿಸುವ ಹಾಗೆ, ನಗುನಗುತ್ತಲೇ "ಅವಳ ಬಣ್ಣದ ಮಾತು ಬೇಡ ಚಿಕ್ಕಮ್ಮ" ಅನ್ನಿ. ಸ್ವಲ್ಪ ಇರುಸುಮುರುಸಾಗುತ್ತದೆ, ಆಗಲಿ. ಹಂತ 5ರ ಅಭ್ಯಾಸ ಹತ್ತು ದಿನದಲ್ಲಿ ಕಲಿಸುವುದನ್ನು ಈ ಒಂದು ಮಾತು ಕಲಿಸುತ್ತದೆ.

## ಹಂತ 6: ಒಬ್ಬ ಜೊತೆಗಾರ ಸಾಕು

ಕಾಟಕ್ಕೆ ಸಿಗುವುದು ಹೆಚ್ಚಾಗಿ ಒಂಟಿ ಮಗು. ಹತ್ತು ಜನ ಗೆಳೆಯರು ಬೇಕಾಗಿಲ್ಲ, ಒಬ್ಬರು ಸಾಕು. ಕ್ಲಾಸಿನಲ್ಲಿ ಯಾರು ಸ್ವಲ್ಪ ಮೃದು, ಯಾರಿಗೆ ನಿಮ್ಮ ಮಗುವಿನ ಹಾಗೇ ಚೆಸ್ಸೋ ಕ್ರಿಕೆಟ್ಟೋ ಚಿತ್ರ ಬರೆಯುವುದೋ ಇಷ್ಟ ಅಂತ ತಿಳಿದುಕೊಂಡು, ಆ ಒಬ್ಬರನ್ನು ಶನಿವಾರ ಮಧ್ಯಾಹ್ನ ಮನೆಗೆ ಕರೆಯಿರಿ. ಅವರ ಅಮ್ಮನ ಹತ್ತಿರ ನೀವೇ ಮಾತಾಡಿ. ಏನಾದರೂ ಒಂದು ಕೆಲಸ ಇರಲಿ, ಗಾಳಿಪಟವೋ, ಕೇರಂ ಬೋರ್ಡೋ. ಸುಮ್ಮನೆ "ಆಡ್ಕೊಳ್ಳಿ" ಅಂದರೆ ಇಬ್ಬರೂ ಟಿವಿ ಮುಂದೆ ಕೂರುತ್ತಾರೆ.

ಜೊತೆಗಾರರ ಬಲ ಸಣ್ಣದಲ್ಲ. ಕೆನಡಾದ ಟೊರಾಂಟೊದಲ್ಲಿ ಶಾಲಾ ಮೈದಾನದ ಕಾಟವನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಅಲ್ಲಿದ್ದ ಇನ್ನೊಂದು ಮಗು ಮಧ್ಯೆ ಬಂದಾಗ ಶೇಕಡಾ 57ರಷ್ಟು ಸಲ ಕಾಟ ಹತ್ತೇ ಸೆಕೆಂಡಿನಲ್ಲಿ ನಿಂತಿತ್ತು.

ಅದಕ್ಕೇ ನಿಮ್ಮ ಮಗು ಬರೀ ನೋಡುವ ಜಾಗದಲ್ಲಿದ್ದಾಗ ಏನು ಮಾಡಬೇಕು ಅಂತಲೂ ಕಲಿಸಿ. ನಗಬಾರದು. ಕಾಟ ಕೊಡುವವನ ಜೊತೆ ಜಗಳಕ್ಕೆ ಹೋಗಬಾರದು. ಸುಮ್ಮನೆ ಹೋಗಿ ಆ ಮಗುವಿನ ಪಕ್ಕ ನಿಂತು "ಬಾರೋ, ಮಿಸ್ ಕರೀತಿದಾರೆ" ಅಂತ ಕರೆದುಕೊಂಡು ಬರಬೇಕು. ಆ ಸುಳ್ಳಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

"ಚಾಡಿ ಹೇಳ್ದ ಅಂತಾರೆ" ಅನ್ನುವುದು ಮಕ್ಕಳ ದೊಡ್ಡ ತಡೆ. ಅವರಿಗೆ ಹೀಗೆ ಬಿಡಿಸಿ ಹೇಳಿ: ಅವನು ಹೋಮ್‌ವರ್ಕ್ ಮಾಡಿಲ್ಲ ಅಂತ ಮಿಸ್‌ಗೆ ಹೇಳಿದರೆ ಚಾಡಿ, ಅವನಿಗೆ ಏಟು ಬೀಳಲಿ ಅಂತಲೇ ಹೇಳಿದ್ದು. ಅವನ ಡಬ್ಬಿಯಲ್ಲಿ ಮಣ್ಣು ಹಾಕಿದ್ದಾರೆ ಅಂತ ಹೇಳಿದರೆ ಅದು ಚಾಡಿ ಅಲ್ಲ, ಅವನಿಗೆ ಊಟ ಸಿಗಲಿ ಅಂತ ಹೇಳಿದ್ದು.

ಶಾಲೆಯ ಹೊರಗೂ ಒಂದು ಬಳಗ ಇದ್ದರೆ ಒಳ್ಳೆಯದು. ಯಕ್ಷಗಾನದ ತರಗತಿ, ಕಬಡ್ಡಿ, ಸಂಗೀತ, ಊರಿನ ಲೈಬ್ರರಿ, ಯಾವುದಾದರೂ ಸರಿ. ಕ್ಲಾಸಿನಲ್ಲಿ "ತೊದಲ" ಅನ್ನಿಸಿಕೊಳ್ಳುವ ಹುಡುಗ ಅಲ್ಲಿ ಒಳ್ಳೆಯ ರೈಡರ್ ಅನ್ನಿಸಿಕೊಳ್ಳುತ್ತಾನೆ. ಕರಾಟೆಗೆ ಸೇರಿಸಬಹುದು, ಆದರೆ "ಅವನಿಗೆ ಬುದ್ಧಿ ಕಲಿಸೋಕೆ" ಅಂತ ಹೇಳಿ ಸೇರಿಸಬೇಡಿ.

## ಹಂತ 7: ಈಗ ಶಾಲೆಗೆ ಹೋಗಿ

ಮಗುವಿಗೆ ಮೊದಲು ತಿಳಿಸಿ. "ನಾಳೆ ಮಿಸ್ ಹತ್ತಿರ ಮಾತಾಡ್ತೀನಿ, ಇಷ್ಟು ಹೇಳ್ತೀನಿ, ನಿನ್ನನ್ನ ಎಲ್ಲರ ಮುಂದೆ ಕರೆಸಲ್ಲ." ಬೆಳಗ್ಗೆ ಗೇಟಿನಲ್ಲಿ, ಪ್ರಾರ್ಥನೆಯ ಹೊತ್ತಿನಲ್ಲಿ ಹೋಗಬೇಡಿ. ಕ್ಲಾಸ್ ಟೀಚರಿಗೆ ಡೈರಿಯಲ್ಲಿ ಬರೆದು ಸಮಯ ಕೇಳಿ.

ಮೊದಲು ಕ್ಲಾಸ್ ಟೀಚರ್, ಆಮೇಲೆ ಹೆಡ್‌ಮಾಸ್ಟರ್. ಟೀಚರನ್ನು ಬಿಟ್ಟು ಮೇಲಕ್ಕೆ ಹೋದರೆ ದಿನಾ ಕ್ಲಾಸಿನಲ್ಲಿರುವ ಒಬ್ಬರೇ ಒಬ್ಬ ದೊಡ್ಡವರನ್ನು ಕಳೆದುಕೊಂಡಂತೆ.

ಶಿಕ್ಷೆ ಕೇಳಬೇಡಿ, ವ್ಯವಸ್ಥೆ ಕೇಳಿ. "ಅವನಿಗೆ ಟಿಸಿ ಕೊಡಿ" ಅಂದರೆ ಶಾಲೆ ತನ್ನನ್ನು ತಾನು ಸಮರ್ಥಿಸಿಕೊಳ್ಳಲು ನಿಲ್ಲುತ್ತದೆ. "ಊಟದ ಹೊತ್ತಲ್ಲಿ ನಲ್ಲಿ ಹತ್ತಿರ ಯಾರಾದರೂ ನಿಲ್ಲಲು ಆಗುತ್ತಾ?" ಅಂದರೆ ಉತ್ತರ ಸಿಗುತ್ತದೆ. ಸೀಟು ಬದಲಾವಣೆ ಕೇಳುವಾಗ ಒಂದು ಎಚ್ಚರ: ಎದ್ದು ಹೋಗಬೇಕಾದ್ದು ಕಾಟ ಕೊಟ್ಟವರು. ನಿಮ್ಮ ಮಗುವನ್ನು ಎಬ್ಬಿಸಿದರೆ ಇಡೀ ಕ್ಲಾಸಿಗೆ ತಪ್ಪು ಸಂದೇಶ ಹೋಗುತ್ತದೆ.

ಮಾತಾಡಿದ ಮೇಲೂ ಪತ್ರ ಕೊಡಿ. ಹೀಗಿದ್ದರೆ ಸಾಕು:

"ಮಾನ್ಯರೇ, 4ನೇ ತರಗತಿ ಬಿ ವಿಭಾಗದ ನನ್ನ ಮಗನ ಊಟದ ಡಬ್ಬಿಯನ್ನು ಜುಲೈ 3, 7 ಮತ್ತು 10ರಂದು ಮಧ್ಯಾಹ್ನ ನಲ್ಲಿಯ ಬಳಿ ಇಬ್ಬರು ಸಹಪಾಠಿಗಳು ಕಸಿದು ಎಸೆದಿದ್ದಾರೆ. ಅವನು ಬೇಡವೆಂದರೂ ನಿಂತಿಲ್ಲ. ಊಟದ ವೇಳೆ ಆ ಜಾಗದ ಮೇಲೆ ಗಮನ ಇಡಬೇಕೆಂದೂ, ಆ ಇಬ್ಬರು ಮಕ್ಕಳ ಜೊತೆ ಬೇರೆ ಬೇರೆಯಾಗಿ ಮಾತಾಡಬೇಕೆಂದೂ ಕೋರುತ್ತೇನೆ. ಮುಂದಿನ ಶುಕ್ರವಾರ ಬಂದು ತಮ್ಮನ್ನು ಕಾಣುತ್ತೇನೆ."

ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಅದರ ಮೇಲೆ ಸ್ವೀಕರಿಸಿದ ಸಹಿ ಇರಲಿ. ಹೇಳಿದ ಶುಕ್ರವಾರ ತಪ್ಪದೆ ಹೋಗಿ. ಹೋಗದಿದ್ದರೆ ಪತ್ರ ಫೈಲಿನಲ್ಲಿ ಮಲಗುತ್ತದೆ.

ಶಾಲೆಗಳು ಪ್ರೀತಿಯಿಂದ ಮಾಡುವ ಒಂದು ದೊಡ್ಡ ತಪ್ಪನ್ನು ನಾನೂ ಮಾಡಿದ್ದೇನೆ. ಇಬ್ಬರನ್ನೂ ಕ್ಲಾಸಿನ ಮುಂದೆ ಕರೆದು, "ಸಾರಿ ಹೇಳು, ಕೈ ಕುಲುಕು, ಇವತ್ತಿಂದ ಫ್ರೆಂಡ್ಸ್" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಸಂಜೆ ಬಸ್ ಸ್ಟಾಪಿನಲ್ಲಿ ಆ ಹುಡುಗಿಗೆ ಸರಿಯಾಗಿ ಬಿತ್ತು. ಸಮಬಲದ ಜಗಳಕ್ಕೆ ರಾಜಿ ಸರಿ. ಕಾಟಕ್ಕೆ ರಾಜಿ ಮಾಡಿಸಿದರೆ ಕಾಟ ತಿಂದ ಮಗು ಇನ್ನಷ್ಟು ಒಂಟಿಯಾಗುತ್ತದೆ. ಶಾಲೆ ಹೀಗೆ ಮಾಡಲು ಹೊರಟರೆ ಮೆತ್ತಗೆ ಬೇಡ ಅನ್ನಿ.

ಇನ್ನೊಂದು ತಪ್ಪು ನಮ್ಮದು: ಗೇಟಿನ ಹತ್ತಿರ ಕಾದು ಆ ಹುಡುಗನನ್ನೇ ಗದರಿಸುವುದು, ಅಥವಾ ಅವನ ಅಪ್ಪನಿಗೆ ಫೋನ್ ಮಾಡಿ ಕೂಗಾಡುವುದು. ಆಮೇಲೆ ವಿಷಯ ಮಕ್ಕಳದ್ದಾಗಿ ಉಳಿಯುವುದಿಲ್ಲ. ಪೋಷಕರ ವಾಟ್ಸಾಪ್ ಗ್ರೂಪಿನಲ್ಲಂತೂ ಹಾಕಲೇಬೇಡಿ.

ಎರಡು ಮೂರು ವಾರವಾದರೂ ಏನೂ ಆಗದಿದ್ದರೆ ಹೆಡ್‌ಮಾಸ್ಟರಿಗೆ ಬರೆಯಿರಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೆ, ಖಾಸಗಿಯಾದರೆ ಆಡಳಿತ ಮಂಡಳಿಗೆ. ಅಲ್ಲಿಂದ ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ, ಅದಾದಮೇಲೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು). ಸಿಬಿಎಸ್‌ಇ ಶಾಲೆಯಾದರೆ ಕಾಟ ತಡೆಗೆ ಸಮಿತಿ ಇರಬೇಕು ಅಂತ ಮಂಡಳಿ 2015ರಲ್ಲೇ ಶಾಲೆಗಳಿಗೆ ಸುತ್ತೋಲೆ ಕಳಿಸಿದೆ, ಆ ಸಮಿತಿಯಲ್ಲಿ ಯಾರಿದ್ದಾರೆ ಅಂತ ಕೇಳಿ. ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. ಕಾಟ ಕೊಡುತ್ತಿರುವುದು ಅಥವಾ ಅಡ್ಡಹೆಸರಿಡುತ್ತಿರುವುದು ಶಿಕ್ಷಕರೇ ಆಗಿದ್ದರೆ ಅದು ಬೇರೆ ವಿಷಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಏಟನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಹಳ್ಳಿಯಲ್ಲಿರುವವರಿಗೆ ಇನ್ನೊಂದು ದಾರಿ ಇದೆ. ಶೌಚಾಲಯಕ್ಕೆ ಚಿಲಕ ಇಲ್ಲ, ಶಾಲೆಯ ದಾರಿಯಲ್ಲಿ ದೊಡ್ಡ ಹುಡುಗರು ಅಡ್ಡಗಟ್ಟುತ್ತಾರೆ ಅನ್ನುವಂಥದ್ದನ್ನು ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎತ್ತಬಹುದು.

## ಹಂತ 8: ಕಾಟ ಫೋನಿನೊಳಗೆ ಬಂದಾಗ

ಕ್ಲಾಸ್ ಗ್ರೂಪಿನಲ್ಲಿ ಮೀಮ್, ಸ್ಟಿಕ್ಕರ್ ಮಾಡಿ ಹಂಚುವುದು, ಒಬ್ಬಳನ್ನು ಬಿಟ್ಟು ಹೊಸ ಗ್ರೂಪ್ ಮಾಡುವುದು, ನಕಲಿ ಖಾತೆ. ಕ್ರಮ ಹೀಗಿರಲಿ: ಉತ್ತರ ಕೊಡಬೇಡಿ, ಸ್ಕ್ರೀನ್‌ಶಾಟ್ ತೆಗೆಯಿರಿ (ನಂಬರ್, ತಾರೀಕು, ಹೊತ್ತು ಕಾಣಬೇಕು), ರಿಪೋರ್ಟ್ ಮಾಡಿ, ಕೊನೆಗೆ ಬ್ಲಾಕ್ ಮಾಡಿ. ಮೊದಲೇ ಬ್ಲಾಕ್ ಮಾಡಿದರೆ ಸಾಕ್ಷಿ ಹಿಡಿಯುವುದು ಕಷ್ಟ.

ಮಗುವಿನ ಫೋನ್ ಕಿತ್ತುಕೊಳ್ಳಬೇಡಿ. ಕಾಟ ತಿಂದಿದ್ದಕ್ಕೆ ಶಿಕ್ಷೆ ಅಂತ ಮಗು ಅಂದುಕೊಳ್ಳುತ್ತದೆ, ಮುಂದೆ ಏನನ್ನೂ ತೋರಿಸುವುದಿಲ್ಲ. ಹಾಗಂತ ನಾಲ್ಕನೇ ಕ್ಲಾಸಿನ ಮಗುವಿಗೆ ಸ್ವಂತ ಇನ್‌ಸ್ಟಾಗ್ರಾಂ ಖಾತೆ ಯಾಕೆ ಬೇಕಿತ್ತು ಅನ್ನುವುದು ಬೇರೆ ಪ್ರಶ್ನೆ. ಅವರ ನಿಯಮದಲ್ಲೇ 13 ವರ್ಷ ಆಗಿರಬೇಕು.

ಅಶ್ಲೀಲವಾಗಿ ತಿದ್ದಿದ ಫೋಟೊ ಬಂದಿದ್ದರೆ ಅದನ್ನು "ನೋಡಿ ಹೀಗಾಗಿದೆ" ಅಂತ ಬೇರೆ ಯಾರಿಗೂ ಕಳಿಸಬೇಡಿ, ಕಳಿಸುವುದೇ ಅಪರಾಧವಾಗುತ್ತದೆ. ನೇರ ಪೊಲೀಸರಿಗೆ ತೋರಿಸಿ. ಸೈಬರ್ ಅಪರಾಧದ ಸಹಾಯವಾಣಿ 1930.

## ಹಂತ 9: ಕಾಯಬಾರದ ಸಂದರ್ಭಗಳು

ಇವುಗಳಲ್ಲಿ ಒಂದು ಕಂಡರೂ ಅವತ್ತೇ ಹೆಜ್ಜೆ ಇಡಿ:

- "ನಾನು ಇರಲೇಬಾರದಿತ್ತು", "ಸತ್ತುಹೋಗಬೇಕು" ಅನ್ನುವ ಮಾತು. ಕೈ ಕೊಯ್ದುಕೊಂಡ ಗುರುತು. ಇಷ್ಟದ ವಸ್ತುಗಳನ್ನು ಹಂಚಿಬಿಡುವುದು.
- ಮೈ ಮುಟ್ಟುವುದು, ಬಟ್ಟೆ ಎಳೆಯುವುದು, ಬಟ್ಟೆಯಿಲ್ಲದ ಫೋಟೊ ಕೇಳುವುದು.
- ರಕ್ತ ಬರುವ ಏಟು, ಬ್ಲೇಡು, ಚಾಕು, ಕೂಡಿಹಾಕುವುದು.
- ಹಣ ತರುವಂತೆ ಬೆದರಿಕೆ.
- ಜಾತಿ ಹೆಸರು ಹಿಡಿದು ಬೈಯುವುದು, ಊಟಕ್ಕೆ ಬೇರೆ ಕೂರಿಸುವುದು.

ಸಾಯುವ ಮಾತು ಬಂದರೆ "ಹಾಗೆಲ್ಲ ಅನ್ಬಾರ್ದು" ಅಂತ ಬಾಯಿ ಮುಚ್ಚಿಸಬೇಡಿ. "ಸಾಯಬೇಕು ಅನ್ನಿಸ್ತಿದೆಯಾ? ಯಾವಾಗಿಂದ?" ಅಂತ ನೇರವಾಗಿ, ಮೆಲ್ಲಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದಿನವಿಡೀ ಇರುತ್ತದೆ, ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗ ಇದೆ. ಅಪಾಯ ಎದುರಿಗೇ ಇದ್ದರೆ 112.

ಮಕ್ಕಳ ಸಹಾಯವಾಣಿ 1098ಕ್ಕೆ ಮಗು ತಾನೇ ಫೋನ್ ಮಾಡಬಹುದು, ನಂಬರನ್ನು ಬಾಯಿಪಾಠ ಮಾಡಿಸಿ. ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆ "ಹೆಸರು ಕೆಡುತ್ತೆ, ನಮ್ಮಲ್ಲೇ ಮುಗಿಸೋಣ" ಅಂದರೆ ಒಪ್ಪಬೇಡಿ.

## ಕಾಟ ಕೊಡುತ್ತಿರುವುದು ನಿಮ್ಮ ಮಗುವೇ ಆಗಿದ್ದರೆ

ಫೋನ್ ಬಂದ ಕೂಡಲೇ "ನಮ್ಮವನು ಅಂಥವನಲ್ಲ" ಅನ್ನಬೇಡಿ. "ತಿಳಿಸಿದ್ದಕ್ಕೆ ಥ್ಯಾಂಕ್ಸ್, ವಿಚಾರಿಸ್ತೀನಿ" ಅನ್ನಿ. ಹೊಡೆದು ಬುದ್ಧಿ ಹೇಳಿದರೆ ಬಲ ಇದ್ದವರು ಹೊಡೆಯಬಹುದು ಅನ್ನುವ ಪಾಠವೇ ಗಟ್ಟಿಯಾಗುತ್ತದೆ. ಏನು ಮಾಡಿದ ಅಂತ ಅವನ ಬಾಯಲ್ಲೇ ಹೇಳಿಸಿ. ಕಿತ್ತುಹಾಕಿದ್ದನ್ನು ಅವನ ಪಾಕೆಟ್ ಮನಿಯಿಂದಲೇ ಕೊಡಿಸಿ. ಆಮೇಲೆ, ಅವನಿಗೆ ಯಾರಾದರೂ ಹೀಗೇ ಮಾಡುತ್ತಿದ್ದಾರಾ ಅಂತಲೂ ನೋಡಿ. ಎಷ್ಟೋ ಸಲ ಇರುತ್ತದೆ.

## ಹಂತ 10: ಆರು ವಾರದ ಮೇಲೆ ಲೆಕ್ಕ ನೋಡಿ

ಕಾಟ ಪೂರ್ತಿ ನಿಂತಿದೆಯಾ ಅಂತ ಮಾತ್ರ ನೋಡಬೇಡಿ. ನೋಟ್‌ಬುಕ್ಕಿನಲ್ಲಿ ಘಟನೆಗಳ ನಡುವಿನ ಅಂತರ ಹೆಚ್ಚಿದೆಯಾ? ಮಗು ಈಗ ಅವತ್ತೇ ಬಂದು ಹೇಳುತ್ತದಾ, ವಾರ ಬಿಟ್ಟು ಹೇಳುತ್ತದಾ? ಹೊಸ ಹಾಳೆಯಲ್ಲಿ ಮತ್ತೆ ನಕ್ಷೆ ಹಾಕಿಸಿ, ಕೆಂಪು ಕಡಿಮೆಯಾಗಿದೆಯಾ ನೋಡಿ. ಏನೂ ಬದಲಾಗದಿದ್ದರೆ ಹಂತ 7ಕ್ಕೆ ವಾಪಸ್ ಹೋಗಿ, ಒಂದು ಮೆಟ್ಟಿಲು ಮೇಲಿನ ಕಚೇರಿಗೆ ಬರೆಯಿರಿ. ಶಾಲೆ ಬದಲಿಸುವುದು ಸೋಲೇನಲ್ಲ. ಆದರೆ ಹಂತ 5, 6 ಆಗದೆ ಬದಲಿಸಿದರೆ ಹೊಸ ಶಾಲೆಯಲ್ಲೂ ಅದೇ ಕಥೆ ಶುರುವಾಗುವುದನ್ನು ನೋಡಿದ್ದೇನೆ.

ಎಲ್ಲ ಸರಿಹೋದರೂ ನೋಟ್‌ಬುಕ್ ಎಸೆಯಬೇಡಿ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ವಾರ ಸೆಕ್ಷನ್ ಪಟ್ಟಿ ಹಾಕುತ್ತಾರೆ. ಹಳೆಯ ಹುಡುಗರ ಜೊತೆಯೇ ಮತ್ತೆ ಹಾಕಿದ್ದಾರಾ ನೋಡಿ. ಹೊಸ ಕ್ಲಾಸ್ ಟೀಚರಿಗೆ ಹೋದ ವರ್ಷದ ಕಥೆ ಗೊತ್ತಿರುವುದಿಲ್ಲ. ಮೊದಲ ವಾರದಲ್ಲೇ ಹೋಗಿ ಐದು ನಿಮಿಷ ಹೇಳಿ ಬನ್ನಿ, ಪತ್ರದ ಪ್ರತಿ ಕೈಲಿರಲಿ.